ಸ್ಟಿಕ್ ಮೇಲಿರಬೇಕೋ, ಕೆಳಗಿರಬೇಕೋ?

ಆಲಮೇಲದಂಥ ಊರಿನಲ್ಲಿ ವಿಡಿಯೊ ಗೇಮ್ ಅಂದರೆ ಮೊದಲು ಮೊಬೈಲು. ಸಿಂದಗಿ, ಇಂಡಿ ಕಡೆಯ ಬಹಳಷ್ಟು ಹುಡುಗರು ಜಾಯ್‌ಸ್ಟಿಕ್ ಕಂಡದ್ದೇ ಗಾಜಿನ ಮೇಲೆ, ಪರದೆಯ ಎಡ ಮೂಲೆಯ ಒಂದು ಮಸುಕು ವೃತ್ತವಾಗಿ. ಪುಣೆಗೋ ಬೆಂಗಳೂರಿಗೋ ದುಡಿಯಲು ಹೋದ ಅಣ್ಣ ಹಬ್ಬಕ್ಕೆ ಬರುವಾಗ ಗೇಮ್‌ಪ್ಯಾಡ್ ತಂದನೆಂದರೆ ವಾದ ಶುರು. “ಎಡಗಡೆ ಸ್ಟಿಕ್ ಮ್ಯಾಲಿದ್ರನ ಚಲೋ” ಅನ್ನುವವರು ಕೆಲವರು. ಎರಡೂ ಸ್ಟಿಕ್ ಜೋಡಿಯಾಗಿ ಕೆಳಗೇ ಇರಬೇಕು ಅನ್ನುವವರು ಉಳಿದವರು. ಮೊದಲನೆಯದು, ಅಂದರೆ ಎಡ ಸ್ಟಿಕ್ ಮೇಲೆ, ಬಲ ಸ್ಟಿಕ್ ಕೆಳಗೆ ಓರೆಯಾಗಿರುವುದು, ಎಕ್ಸ್‌ಬಾಕ್ಸ್ ಪದ್ಧತಿ, ಎರಡನೆಯದು ಪ್ಲೇಸ್ಟೇಷನ್ ಪದ್ಧತಿ. ಎರಡೂ ಕಡೆಯವರು ವಿಜ್ಞಾನದ ಹೆಸರು ಹೇಳುತ್ತಾರೆ. ಅದರಲ್ಲಿ ಬಹುಪಾಲು ಚರಿತ್ರೆ ಮತ್ತು ರೂಢಿ.

“ಸೋನಿಯವರು ಕೈ ಅಳೆದು ನೋಡಿಯೇ ಸ್ಟಿಕ್ ಕೆಳಗಿಟ್ಟಿದ್ದು”

ಇದು ಬೇರೂರಿದ ನಂಬಿಕೆ. ನಡೆದದ್ದು ಇಷ್ಟು. 1994ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಸೋನಿಯ ಮೊದಲ ಪ್ಲೇಸ್ಟೇಷನ್ ಬಂದಾಗ ಅದರ ಕಂಟ್ರೋಲರಿಗೆ ಸ್ಟಿಕ್ಕೇ ಇರಲಿಲ್ಲ. ಎಡಕ್ಕೆ ನಾಲ್ಕು ದಿಕ್ಕಿನ ಗುಂಡಿ, ಬಲಕ್ಕೆ ತ್ರಿಕೋನ, ವೃತ್ತ, ಕ್ರಾಸ್, ಚೌಕದ ಗುಂಡಿಗಳು, ಅಷ್ಟೆ. 1996ರಲ್ಲಿ ನಿಂಟೆಂಡೊ 64 ಒಂದು ಅನಲಾಗ್ ಸ್ಟಿಕ್ ಹೊತ್ತು ಬಂತು. ಮೆಲ್ಲಗೆ ದೂಡಿದರೆ ನಡಿಗೆ, ಪೂರ್ತಿ ದೂಡಿದರೆ ಓಟ: ಮೂರು ಆಯಾಮದ ಆಟಕ್ಕೆ ಇದು ಬೇಕೇ ಬೇಕು ಎಂಬುದು ಎಲ್ಲರಿಗೂ ಗೊತ್ತಾಯಿತು. 1997ರಲ್ಲಿ ಸೋನಿ ತನ್ನ ಕಂಟ್ರೋಲರಿಗೆ ಎರಡು ಸ್ಟಿಕ್ ಸೇರಿಸಿತು. ಮೇಲಿನ ಒಳ್ಳೆಯ ಜಾಗಗಳನ್ನು ಹಳೆಯ ಗುಂಡಿಗಳು ಆಗಲೇ ಹಿಡಿದಿದ್ದವು. ಖಾಲಿ ಇದ್ದದ್ದು ಎರಡು ಹಿಡಿಕೆಗಳ ನಡುವಿನ ಕೆಳಭಾಗ. ಸ್ಟಿಕ್ಕುಗಳು ಅಲ್ಲಿ ಕುಳಿತವು. ಆಮೇಲೆ 2000ದ ಪ್ಲೇಸ್ಟೇಷನ್ 2 ಹದಿನೈದು ಕೋಟಿಗೂ ಹೆಚ್ಚು ಮಾರಾಟವಾಯಿತು. ಅಷ್ಟು ಹೆಬ್ಬೆರಳುಗಳು ಒಂದು ಜಾಗಕ್ಕೆ ಒಗ್ಗಿದ ಮೇಲೆ ಅದನ್ನು ಕದಲಿಸುವ ಧೈರ್ಯ ಯಾವ ಕಂಪನಿಗಿದ್ದೀತು? 2020ರ ಪ್ಲೇಸ್ಟೇಷನ್ 5ರಲ್ಲೂ ಸ್ಟಿಕ್ಕುಗಳು ಅಲ್ಲೇ ಇವೆ.

ಹಾಗೆಯೇ, ಎಡ ಸ್ಟಿಕ್ ಮೇಲಿಡುವುದನ್ನು ಎಕ್ಸ್‌ಬಾಕ್ಸ್ ಕಂಡುಹಿಡಿಯಲಿಲ್ಲ. ಅದು ಬಂದದ್ದು 2001ರ ನವೆಂಬರಿನಲ್ಲಿ. ಸೆಗಾ ಕಂಪನಿ 1996ರ ಸ್ಯಾಟರ್ನ್ 3ಡಿ ಪ್ಯಾಡ್‌ನಲ್ಲೂ 1998ರ ಡ್ರೀಮ್‌ಕಾಸ್ಟ್‌ನಲ್ಲೂ ಎಡಗಡೆ ಸ್ಟಿಕ್ ಮೇಲಿಟ್ಟು, ದಿಕ್ಕಿನ ಗುಂಡಿಯನ್ನು ಕೆಳಗೆ ತಳ್ಳಿತ್ತು.

“ಓರೆಯಾಗಿ ಇಟ್ಟರೇ ಕೈಗೆ ಸಹಜ”

ಇದರಲ್ಲಿ ಅರ್ಧ ಸತ್ಯವಿದೆ, ಆ ಅರ್ಧ ಎಡಗೈಯದು. ಹೆಬ್ಬೆರಳಿನ ಬುಡದ ಕೀಲು ಕುದುರೆಯ ಜೀನಿನ ಆಕಾರದ್ದು. ಅಂಗೈಯಿಂದ ಹೊರಕ್ಕೂ ಒಳಕ್ಕೂ, ಹಿಂದಕ್ಕೂ ಮುಂದಕ್ಕೂ ಆಡುತ್ತದೆ. ಎರಡೂ ಹಿಡಿಕೆ ಸಡಿಲವಾಗಿ ಹಿಡಿದು, ತೋರುಬೆರಳನ್ನು ಹಿಂದಿನ ಟ್ರಿಗರ್ ಮೇಲಿಟ್ಟು ನೋಡಿ. ಹೆಬ್ಬೆರಳು ತಾನಾಗಿ ಬೀಳುವುದು ಮೇಲಿನ ಹೊರ ಜಾಗದಲ್ಲಿ. ಕೆಳಗಿನ ಒಳ ಸ್ಟಿಕ್ ಮುಟ್ಟಬೇಕಾದರೆ ಅದು ಅಂಗೈ ಕಡೆಗೆ ಅಡ್ಡ ಬರಬೇಕು. ಇಂದಿನ ಬಹುತೇಕ ಆಟಗಳಲ್ಲಿ ನಡೆಯುವುದು, ಓಡುವುದು ಎಡ ಸ್ಟಿಕ್‌ನಿಂದಲೇ ಆದ್ದರಿಂದ ಎಡ ಹೆಬ್ಬೆರಳಿಗೆ ಮೇಲಿನ ಜಾಗ ಹಗುರ ಅನ್ನುವುದನ್ನು ನಾನು ಒಪ್ಪುತ್ತೇನೆ.

ಆದರೆ ಬಲಗೈ? ಎಕ್ಸ್‌ಬಾಕ್ಸ್ ಕಂಟ್ರೋಲರಿನಲ್ಲೂ ಬಲ ಸ್ಟಿಕ್ ಕೆಳಗೇ ಇದೆ. ಗುಂಡು ಹಾರಿಸುವ ಆಟದಲ್ಲಿ ಗುರಿ ಹಿಡಿಯುವುದು ಅದರಿಂದಲೇ. ಬಲ ಹೆಬ್ಬೆರಳು ಆಟದ ಬಹುಪಾಲು ಅಲ್ಲೇ ಇರುತ್ತದೆ. ಕೆಳಗಿನ ಜಾಗ ಕೈಗೆ ವಿರುದ್ಧ ಅನ್ನುವುದಾದರೆ ಆ ತಕರಾರು ಎರಡೂ ಪಕ್ಷಕ್ಕೆ ತಟ್ಟುತ್ತದೆ. ಈ ಪ್ರಶ್ನೆಯನ್ನು ಪೂರ್ತಿ ಎದುರಿಸಿದ ಸಾಧನಗಳೂ ಇವೆ: 2012ರ ನಿಂಟೆಂಡೊ ವೀ ಯು ಪ್ರೊ ಕಂಟ್ರೋಲರ್ ಎರಡೂ ಸ್ಟಿಕ್ ಮೇಲಿಟ್ಟು ಗುಂಡಿಗಳನ್ನು ಕೆಳಗಿಳಿಸಿತು, 2022ರ ಸ್ಟೀಮ್ ಡೆಕ್ ಎಂಬ ಕೈಯಲ್ಲೇ ಹಿಡಿದು ಆಡುವ ಯಂತ್ರ ಎರಡನ್ನೂ ಮೇಲಿಟ್ಟು ಗುಂಡಿಗಳನ್ನು ಪಕ್ಕಕ್ಕೆ ಸರಿಸಿತು. ವಾದ ಮಾಡುವವರು ಈ ಹೆಸರುಗಳನ್ನೇ ಎತ್ತುವುದಿಲ್ಲ, ಯಾಕೆಂದರೆ ಇವು ಯಾವ ಪಕ್ಷಕ್ಕೂ ಸೇರಿದವಲ್ಲ.

ಅಗೆಯುವ ಯಂತ್ರದ ಲಿವರುಗಳದ್ದೂ ಇದೇ ಕಥೆ. ಬೂಮ್ ಎಂಬ ದೊಡ್ಡ ತೋಳನ್ನು ಎತ್ತುವುದು ಒಂದು ಪದ್ಧತಿಯಲ್ಲಿ ಬಲಗೈಗೆ, ಇನ್ನೊಂದರಲ್ಲಿ ಎಡಗೈಗೆ. ಯಾವುದರ ಮೇಲೆ ಕಲಿತನೋ ಅದೇ ಸರಿ ಅನ್ನುತ್ತಾನೆ ಆಪರೇಟರ್, ಗಾಡಿ ಬದಲಾದ ದಿನ ಬೈಯುತ್ತಾನೆ, ಕೆಲಸ ಮಾತ್ರ ಎರಡರಲ್ಲೂ ಆಗುತ್ತದೆ.

ಜಾಗ ಅವರವರ ಕೈಗೆ, ರೂಢಿಗೆ ಬಿಟ್ಟದ್ದು ಎಂಬುದನ್ನು ಮೊಬೈಲಿನಲ್ಲಿ ಆಡುವವರಿಗೆ ಬಿಡಿಸಿ ಹೇಳಬೇಕಿಲ್ಲ. ಬಿಜಿಎಂಐ ಆಟದ ಸೆಟ್ಟಿಂಗ್ಸ್ ತೆರೆದು ಕಂಟ್ರೋಲ್ ಲೇಔಟ್‌ಗೆ ಹೋದರೆ ಆ ವೃತ್ತವನ್ನು ಬೆರಳಲ್ಲಿ ಎಳೆದು ಎಲ್ಲಿ ಬೇಕಾದರೂ ಇಡಬಹುದು. ಉದ್ದ ಬೆರಳಿನವರು ಪರದೆಯ ಒಳಕ್ಕೆ ತರುತ್ತಾರೆ, ಚಿಕ್ಕ ಹುಡುಗರು ಅಂಚಿಗೆ ಒತ್ತುತ್ತಾರೆ. ನಾಲ್ಕು ಬೆರಳಲ್ಲಿ ಆಡುವವರು ಗುಂಡು ಹಾರಿಸುವ ಗುಂಡಿಯನ್ನು ಮೇಲಿನ ಮೂಲೆಗೆ ಒಯ್ದು ಹೆಬ್ಬೆರಳಿನ ಹೊರೆ ಇಳಿಸುತ್ತಾರೆ. ಒಬ್ಬನ ಲೇಔಟ್ ಇನ್ನೊಬ್ಬನಿಗೆ ಆಗುವುದಿಲ್ಲ. “ನಿನ್ನ ಫೋನಿನ್ಯಾಗ ಆಡಾಕ ಬರಂಗಿಲ್ಲೋ” ಎಂದು ಹೊಡೆತ ತಿಂದವನು ಫೋನ್ ವಾಪಸ್ ಕೊಡುತ್ತಾನೆ. ಪ್ಲಾಸ್ಟಿಕ್ ಕಂಟ್ರೋಲರಿನಲ್ಲಿ ಹೀಗೆ ಎಳೆಯಲು ಬರುವುದಿಲ್ಲ, ಜಗಳ ಹುಟ್ಟುವುದು ಅದಕ್ಕೇ.

“ಹೆಬ್ಬೆರಳು ನೋವು ಬರುವುದು ಸ್ಟಿಕ್ ಜಾಗ ತಪ್ಪಿದ್ದರಿಂದ”

ಜಾಗದ ಪಾಲು ಇಲ್ಲವೆಂದಲ್ಲ. ಹೆಚ್ಚಿನ ಪಾಲು ಹೊತ್ತಿನದು, ಬಿಗಿ ಹಿಡಿತದ್ದು. ಹೆಬ್ಬೆರಳನ್ನು ಎತ್ತುವ ಎರಡು ಸ್ನಾಯುರಜ್ಜುಗಳು ಮಣಿಕಟ್ಟಿನ ಬದಿಯ ಒಂದು ಕಿರಿದಾದ ಕವಚದೊಳಗೆ ಸಾಗುತ್ತವೆ. ಅದೇ ಚಲನೆ ಮತ್ತೆ ಮತ್ತೆ ಆದಾಗ ಆ ಜಾಗ ದಪ್ಪಗಾಗಿ ನೋಯುತ್ತದೆ. ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಫ್ರಿಟ್ಸ್ ಡಿ ಕೆರ್ವಾನ್ 1895ರಲ್ಲಿ ಇದನ್ನು ವಿವರಿಸಿದಾಗ ವಿಡಿಯೊ ಗೇಮ್ ಎಲ್ಲಿತ್ತು? ಕೂಸನ್ನು ಮತ್ತೆ ಮತ್ತೆ ಎತ್ತುವ ಬಾಣಂತಿಯರಿಗೂ ಈ ನೋವು ಬರುತ್ತದೆ. ಸೋಲುವ ಹೊತ್ತಿಗೆ ಸ್ಟಿಕ್ಕನ್ನು ಅಂಚಿಗೆ ಇನ್ನಷ್ಟು ಜೋರಾಗಿ ಒತ್ತುವ ಚಟ ಬಹಳ ಜನರಿಗಿದೆ. ಸ್ಟಿಕ್ ಅಂಚು ಮುಟ್ಟಿದ ಮೇಲೆ ಎಷ್ಟು ಒತ್ತಿದರೂ ಪಾತ್ರ ಹೆಚ್ಚು ಜೋರಾಗಿ ಓಡುವುದಿಲ್ಲ. ನೋವು ವಾರಗಟ್ಟಲೆ ಉಳಿದರೆ ಕಂಟ್ರೋಲರ್ ಬದಲಿಸುವ ಮೊದಲು ವೈದ್ಯರಿಗೆ ತೋರಿಸಿ.

“ಓರೆ ಸ್ಟಿಕ್ ಬೇಗ ಕೆಡುತ್ತದೆ”

ಇಲ್ಲ. ಕೈ ಮುಟ್ಟದಿದ್ದರೂ ಪಾತ್ರ ತಾನೇ ನಡೆಯುವುದಕ್ಕೆ ಡ್ರಿಫ್ಟ್ ಅನ್ನುತ್ತಾರೆ. ಸಾಮಾನ್ಯ ಸ್ಟಿಕ್ಕಿನ ಬುಡದಲ್ಲಿ, ರೇಡಿಯೊದ ವಾಲ್ಯೂಮ್ ತಿರುಪಿನಲ್ಲಿರುವಂಥ ಎರಡು ಪೊಟೆನ್ಶಿಯೊಮೀಟರ್ ಇರುತ್ತವೆ. ಒಳಗಿನ ಪಟ್ಟಿ ಉಜ್ಜಿ ಸವೆದಾಗ, ಧೂಳು ಕುಳಿತಾಗ ಅಳತೆ ತಪ್ಪುತ್ತದೆ. ಸ್ಟಿಕ್ ಮೇಲಿದ್ದರೂ ಕೆಳಗಿದ್ದರೂ ಅಷ್ಟೆ. ಹಾಲ್ ಎಫೆಕ್ಟ್ ಎಂದು ಬರೆದಿರುವ ಸ್ಟಿಕ್‌ನಲ್ಲಿ ಉಜ್ಜುವ ಪಟ್ಟಿಯ ಬದಲು ಅಯಸ್ಕಾಂತ ಇರುತ್ತದೆ, ಆ ಸವೆತದ ಗೊಡವೆಯಿಲ್ಲ. ಇದೂ ಹೊಸದೇನಲ್ಲ, ಡ್ರೀಮ್‌ಕಾಸ್ಟ್‌ನಲ್ಲೇ ಇತ್ತು. ಕೈಯಲ್ಲಿರುವುದು ಹಳೆಯದಾಗಿ ಪಾತ್ರ ಸ್ವಲ್ಪವೇ ಜಾರುತ್ತಿದ್ದರೆ, ಆಟದ ಸೆಟ್ಟಿಂಗ್ಸ್‌ನಲ್ಲಿ ಡೆಡ್ ಜೋನ್ (ಸ್ಟಿಕ್ಕಿನ ಸಣ್ಣ ಅಲುಗಾಟವನ್ನು ಆಟ ಲೆಕ್ಕಿಸದ ಮಿತಿ) ಇದೆಯೇ ನೋಡಿ, ಇದ್ದರೆ ತುಸು ಹೆಚ್ಚಿಸಿ. ಇನ್ನಷ್ಟು ದಿನ ನಡೆಯುತ್ತದೆ.