ಎಳೆಯ ಮೈಯೂ ಎತ್ತರದ ಲಾಗವೂ

ಕಳೆದ ವರ್ಷ ಸುಗ್ಗಿ ಮುಗಿದ ಮೇಲೆ ಒಂದು ದಿನ ಕುರುಗೋಡಿನ ಕಡೆಯ ರೈತರೊಬ್ಬರು ತಮ್ಮ ಪತ್ನಿಯೊಡನೆ ಬಳ್ಳಾರಿಯ ನಮ್ಮ ಕಾಲೇಜಿಗೆ ಬಂದಿದ್ದರು. ಅವರ ಹಿರಿಯ ಮಗ ನಮ್ಮಲ್ಲಿ ಓದುತ್ತಿರುವ ವಿದ್ಯಾರ್ಥಿ. ಆದರೆ ಅವರು ಬಂದದ್ದು ಅವನ ವಿಷಯವಾಗಿ ಅಲ್ಲ. ಎಂಟು ವರ್ಷದ ಕಿರಿಯ ಮಗಳು ಶಾಲೆಯ ಆಟೋಟದ ದಿನ ಒಂದರ ಹಿಂದೊಂದರಂತೆ ಲಾಗ ಹಾಕಿದ್ದನ್ನು ಯಾರೋ ತರಬೇತುದಾರರು ಕಂಡರಂತೆ. "ಇವಳನ್ನು ಈ ವರ್ಷವೇ ಬೆಂಗಳೂರಿಗೆ ಕಳುಹಿಸಿರಿ. ಹತ್ತು ದಾಟಿದರೆ ಜಿಮ್ನಾಸ್ಟಿಕ್ಸ್ ಹತ್ತುವುದಿಲ್ಲ" ಎಂದು ಹೇಳಿಹೋದರಂತೆ. ಅಂದಿನಿಂದ ಮನೆಯಲ್ಲಿ ನಿದ್ರೆಯಿಲ್ಲ.

"ಸಾರ್, ನೀವು ಫಿಜಿಕ್ಸ್ ಹೇಳೋರು. ಇಷ್ಟು ಸಣ್ಣಕ್ಕೆ ಆ ಪರಿ ಹಾರಿಸಿದ್ರೆ ಹುಡುಗಿ ಎಲುಬಿಗೆ ಏನೂ ಆಗಲ್ಲೇನ್ರೀ? ಕಳಿಸ್ದೆ ಇದ್ರೆ, ಕೈಗೆ ಬಂದದ್ದನ್ನ ನಾವೇ ಕೆಡಿಸ್ದಂಗೆ ಆಗಲ್ಲೇನ್ರೀ?" ಎಂದು ಅವರು ಕೇಳಿದರು. ಆಕೆ ಮಾತ್ರ ಏನೂ ಮಾತನಾಡದೆ ಕುಳಿತಿದ್ದರು.

ಒಂದೇ ಉಸಿರಿನಲ್ಲಿ ಕೇಳಿದ ಈ ಎರಡು ಪ್ರಶ್ನೆಗಳಿಗೆ ಅಂದು ನಾವು ಕೊಟ್ಟ ಉತ್ತರ ಅರೆಬರೆಯಾಗಿತ್ತು. ಅನಂತರ ಓದಿ ವಿಚಾರಮಾಡಿ ತಿಳಿದುಕೊಂಡದ್ದನ್ನು ಇಲ್ಲಿ ವಾಚಕರ ಮುಂದಿಡುತ್ತೇವೆ.

ಚಿಕ್ಕ ದೇಹಕ್ಕೆ ಇರುವ ಅನುಕೂಲ

ತರಬೇತುದಾರರು ಎಳೆಯ ಮಕ್ಕಳನ್ನು ಅರಸುವುದು ಬರಿಯ ರೂಢಿಯಲ್ಲ. ಅದಕ್ಕೆ ಭೌತಶಾಸ್ತ್ರದ ಆಧಾರವಿದೆ. ಗೆಲಿಲಿಯೋ 1638ರಲ್ಲಿ ಪ್ರಕಟಿಸಿದ ತನ್ನ ಕೊನೆಯ ಗ್ರಂಥದಲ್ಲಿ, ಪ್ರಾಣಿಯ ಗಾತ್ರ ಹೆಚ್ಚಿದಂತೆ ಅದರ ಎಲುಬುಗಳು ಅದೇ ಪ್ರಮಾಣದಲ್ಲಿ ದಪ್ಪವಾದರೆ ಸಾಲದೆಂದು ತೋರಿಸಿದ್ದಾನೆ. ಅದೇ ತರ್ಕವನ್ನು ಇಲ್ಲಿಗೂ ಅನ್ವಯಿಸೋಣ.

ಒಂದೇ ಅಂಗಪ್ರಮಾಣವುಳ್ಳ ಇಬ್ಬರು ಹುಡುಗಿಯರನ್ನು ಊಹಿಸಿಕೊಳ್ಳಿರಿ. ಒಬ್ಬಳ ಎತ್ತರ 120 ಸೆಂಟಿಮೀಟರು, ಇನ್ನೊಬ್ಬಳದು 150. ಎತ್ತರದಲ್ಲಿ ಎರಡನೆಯವಳು ಮೊದಲನೆಯವಳ 1.25 ಪಾಲು. ಮಾಂಸಖಂಡದ ಬಲ ಅದರ ಅಡ್ಡಛೇದದ ವಿಸ್ತೀರ್ಣವನ್ನು ಅವಲಂಬಿಸುತ್ತದೆಯಾದ್ದರಿಂದ ಅದು ಎತ್ತರದ ವರ್ಗಕ್ಕೆ ಅನುಗುಣವಾಗಿ, ಅಂದರೆ ಸುಮಾರು 1.56ರಷ್ಟಾಗುತ್ತದೆ. ತೂಕವಾದರೋ ಘನಕ್ಕೆ ಅನುಗುಣವಾಗಿ 1.95ರಷ್ಟಾಗುತ್ತದೆ. ಹಾಗಾಗಿ ತನ್ನ ತೂಕದೊಡನೆ ಹೋಲಿಸಿ ನೋಡಿದರೆ ದೊಡ್ಡವಳ ಬಲ ಐದನೆಯ ಒಂದು ಪಾಲು ಕಡಿಮೆ. ಕಂಬಿಗೆ ಜೋತು ಮೈಯನ್ನು ಮೇಲೆತ್ತುವ ಆಟದಲ್ಲಿ ಚಿಕ್ಕವಳು ಸುಲಭವಾಗಿ ಗೆಲ್ಲುವುದು ಇದರಿಂದಲೇ.

ತಿರುಗುವ ಆಟದಲ್ಲಿ ಅಂತರ ಇನ್ನೂ ಹೆಚ್ಚು. ಒಂದು ವಸ್ತುವನ್ನು ತಿರುಗಿಸಹೊರಟಾಗ ಅದು ತೋರುವ ವಿರೋಧಕ್ಕೆ ಜಡತ್ವ ಭ್ರಾಮಕವೆಂದು ಹೆಸರು. ಅದು ದ್ರವ್ಯರಾಶಿಯನ್ನೂ ಆ ರಾಶಿ ಅಕ್ಷದಿಂದ ಎಷ್ಟು ದೂರದಲ್ಲಿದೆ ಎಂಬುದರ ವರ್ಗವನ್ನೂ ಅವಲಂಬಿಸುವುದರಿಂದ ಎತ್ತರದ ಐದನೆಯ ಘಾತದಂತೆ ಬೆಳೆಯುತ್ತದೆ. ನಮ್ಮ ಉದಾಹರಣೆಯಲ್ಲಿ ದೊಡ್ಡವಳ ಜಡತ್ವ ಭ್ರಾಮಕ ಚಿಕ್ಕವಳದರ ಮೂರು ಪಟ್ಟು! ಅತ್ತ ಗಾಳಿಯಲ್ಲಿರುವ ಕಾಲ ಇಬ್ಬರಿಗೂ ಒಂದೇ. ಗುರುತ್ವ ಕೇಂದ್ರವನ್ನು 45 ಸೆಂಟಿಮೀಟರು ಮೇಲಕ್ಕೆತ್ತುವ ಜಿಗಿತದಲ್ಲಿ, ತೂಕವೆಷ್ಟೇ ಇರಲಿ, ಮೇಲೇರಿ ಮತ್ತೆ ಅದೇ ಮಟ್ಟಕ್ಕೆ ಇಳಿಯಲು ಸಿಗುವ ಅವಧಿ 0.6 ಸೆಕೆಂಡು ಮಾತ್ರ. ಅಷ್ಟರೊಳಗೆ ಲಾಗ ಮುಗಿಯಬೇಕು.

ಲಾಗ ಹಾಕುವವರು ಮೊಣಕಾಲನ್ನು ಎದೆಗೆ ಒತ್ತಿ ಮುದುಡಿಕೊಳ್ಳುವುದನ್ನು ನೀವೆಲ್ಲರೂ ನೋಡಿರುವಿರಿ. ನೆಲ ಬಿಟ್ಟ ಮೇಲೆ ಕೋನೀಯ ಸಂವೇಗವನ್ನು ಹೆಚ್ಚಿಸುವ ಉಪಾಯವಿಲ್ಲ. ಆದರೆ ಮೈಯನ್ನು ಮುದುಡಿದರೆ ಜಡತ್ವ ಭ್ರಾಮಕ ಕುಗ್ಗುತ್ತದೆ, ಗಿರಕಿಯ ವೇಗ ಏರುತ್ತದೆ. ನಮ್ಮ ಜಾತ್ರೆಗಳ ದೊಂಬರಾಟದಲ್ಲಿ ಇದೇ ತತ್ತ್ವ ತಿರುವುಮುರುವಾಗಿ ಕೆಲಸಮಾಡುತ್ತದೆ. ಹಗ್ಗದ ಮೇಲೆ ನಡೆಯುವ ಮಗು ಉದ್ದನೆಯ ಬಿದಿರ ಗಳುವನ್ನು ಅಡ್ಡಲಾಗಿ ಹಿಡಿಯುತ್ತದೆ. ಗಳು ಜಡತ್ವ ಭ್ರಾಮಕವನ್ನು ಹಿಗ್ಗಿಸುವುದರಿಂದ ಮೈ ವಾಲುವುದು ನಿಧಾನವಾಗಿ, ಸಾವರಿಸಿಕೊಳ್ಳಲು ಸಮಯ ದೊರೆಯುತ್ತದೆ. ಪುಸ್ತಕವಿಲ್ಲದೆಯೇ ತಲೆಮಾರುಗಳಿಂದ ಬಂದ ವಿದ್ಯೆ ಅದು. ಆದರೆ ಹಗ್ಗದ ಮೇಲಿನ ಆ ಮಗುವಿನ ಎಲುಬಿನ ವಿಷಯವನ್ನು ಯಾರೂ ಕೇಳಲಿಲ್ಲ, ಹಸಿವು ಕೇಳಗೊಡಲಿಲ್ಲ.

ಇಳಿಯುವಾಗಿನ ಲೆಕ್ಕ

ಹಾರುವುದಕ್ಕಿಂತ ಇಳಿಯುವುದು ಕಷ್ಟ. ಸಿರುಗುಪ್ಪದ ಗದ್ದೆಯ ಸೀಮೆಯಲ್ಲಿ ಮಕ್ಕಳು ಭತ್ತದ ಹುಲ್ಲಿನ ಬಣವೆಯ ಮೇಲೆ ಎಷ್ಟು ಸಲ ಧುಮುಕಿದರೂ ನೋವಾಗುವುದಿಲ್ಲ. ಅದೇ ಎತ್ತರದಿಂದ ಕಣದ ಗಟ್ಟಿ ನೆಲಕ್ಕೆ ಬಿದ್ದರೆ ಕಾಲು ಉಳುಕುತ್ತದೆ. ವೇಗ ಎರಡರಲ್ಲಿಯೂ ಒಂದೇ. ಆ ವೇಗ ಎಷ್ಟು ದೂರದಲ್ಲಿ ನಿಂತಿತು ಎಂಬುದರಲ್ಲಿದೆ ವ್ಯತ್ಯಾಸ.

ಹೆಣ್ಣುಮಕ್ಕಳ ಸ್ಪರ್ಧೆಯ ಸಮತೋಲನ ತೊಲೆಯ ಎತ್ತರ 1.25 ಮೀಟರು, ಅಗಲ ಬರಿಯ 10 ಸೆಂಟಿಮೀಟರು. ಅದರಿಂದ ನೆಲಕ್ಕೆ ಇಳಿಯುವ ಮಗು ಮೊಣಕಾಲನ್ನೂ ಸೊಂಟವನ್ನೂ ಬಾಗಿಸಿ, ಪಾದ ನೆಲಮುಟ್ಟಿದ ಮೇಲೆ 25 ಸೆಂಟಿಮೀಟರಿನಷ್ಟು ತಗ್ಗಿ ನಿಂತರೆ ಅದರ ಕಾಲುಗಳ ಮೇಲೆ ಬೀಳುವ ಸರಾಸರಿ ಬಲ ಮೈತೂಕದ ಆರು ಪಟ್ಟು. ಕಾಲನ್ನು ಸೆಟೆದುಕೊಂಡು 5 ಸೆಂಟಿಮೀಟರಿನಲ್ಲಿಯೇ ನಿಂತರೆ ಇಪ್ಪತ್ತಾರು ಪಟ್ಟು! ಮಗುವಿನ ತೂಕ 25 ಕಿಲೋಗ್ರಾಂ ಎಂದಿಟ್ಟುಕೊಂಡರೆ ಮೊದಲನೆಯದು 150 ಕಿಲೋಗ್ರಾಂ ಭಾರಕ್ಕೂ ಎರಡನೆಯದು 650 ಕಿಲೋಗ್ರಾಂ ಭಾರಕ್ಕೂ ಸಮ. ಮೆತ್ತನೆಯ ಹಾಸಿಗೆಗೆ ಕೊಡುವ ಹಣ ಆಡಂಬರಕ್ಕಲ್ಲವೆಂದೂ, ಮೊದಲು ಕಲಿಸಬೇಕಾದ ವಿದ್ಯೆ ಹಾರುವುದಲ್ಲ, ಬೀಳುವುದೆಂದೂ ಇದರಿಂದ ಸ್ಪಷ್ಟವಾಗುತ್ತದೆ.

ಎಲುಬಿನ ಬೆಳೆಯುವ ತುದಿ

ಈಗ ಆ ರೈತರ ಮೊದಲನೆಯ ಪ್ರಶ್ನೆಗೆ ಬರೋಣ. ಮಗುವಿನ ಎಲುಬು ದೊಡ್ಡವರ ಎಲುಬಿನ ಚಿಕ್ಕ ನಮೂನೆಯಲ್ಲ. ಉದ್ದ ಎಲುಬುಗಳ ತುದಿಯ ಹತ್ತಿರ ಮೃದ್ವಸ್ಥಿಯ ಒಂದು ತೆಳುವಾದ ಫಲಕವಿರುತ್ತದೆ. ಎಲುಬು ಉದ್ದವಾಗುವುದು ಅಲ್ಲಿಂದಲೇ. ಹರೆಯ ಕಳೆಯುವ ವೇಳೆಗೆ ಆ ಫಲಕ ಗಟ್ಟಿಯಾಗಿ ಎಲುಬಿನಲ್ಲಿ ಒಂದಾಗುತ್ತದೆ. ಹುಡುಗಿಯರಲ್ಲಿ ಇದು ಹುಡುಗರಿಗಿಂತ ಬೇಗ. ಅಲ್ಲಿಯವರೆಗೆ ಅದು ಸುತ್ತಲಿನ ಎಲುಬಿಗಿಂತಲೂ ಅಸ್ಥಿರಜ್ಜುಗಳಿಗಿಂತಲೂ ದುರ್ಬಲ. ಜಿಮ್ನಾಸ್ಟಿಕ್ಸ್ ಪಟುಗಳು ಕೈಗಳನ್ನೇ ಕಾಲುಗಳಾಗಿ ಬಳಸುವುದರಿಂದ ಅವರ ಮಣಿಕಟ್ಟಿನ ಬಳಿ, ಮುಂಗೈಯ ಹೆಬ್ಬೆರಳ ಕಡೆಯ ಎಲುಬಿನ ಫಲಕಕ್ಕೆ ಮತ್ತೆ ಮತ್ತೆ ಒತ್ತಡ ಬೀಳುತ್ತದೆ. ಆ ನೋವನ್ನು ಆರಂಭದಲ್ಲಿಯೇ ಗುರುತಿಸಿ ವಿಶ್ರಾಂತಿ ಕೊಟ್ಟರೆ ಸಾಮಾನ್ಯವಾಗಿ ವಾಸಿಯಾಗುತ್ತದೆ. "ನೋವು ನುಂಗಿಕೊಂಡು ಮಾಡು" ಎಂದು ಬಲವಂತಪಡಿಸಿದರೆ ಎಲುಬಿನ ಬೆಳವಣಿಗೆಯೇ ಕುಂಠಿತವಾಗಬಹುದು.

ಎಷ್ಟು ಅಭ್ಯಾಸ ಹೆಚ್ಚಾಯಿತೆಂದು ತಿಳಿಯುವುದು ಹೇಗೆ? ಅಮೆರಿಕದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ವಾರಕ್ಕೆ ತಮ್ಮ ವಯಸ್ಸಿನ ವರ್ಷಗಳಿಗಿಂತ ಹೆಚ್ಚು ಗಂಟೆ ಕ್ರೀಡಾಭ್ಯಾಸ ಮಾಡುವ ಮಕ್ಕಳಲ್ಲಿ ಅತಿಬಳಕೆಯ ಗಂಭೀರ ಗಾಯಗಳು ಹೆಚ್ಚಾಗಿ ಕಂಡುಬಂದವು. ಎಂಟು ವರ್ಷದ ಮಗುವಿಗೆ ವಾರಕ್ಕೆ ಎಂಟು ಗಂಟೆ ಎಂಬುದು ನೆನಪಿಡಲು ಸುಲಭವಾದ ಲೆಕ್ಕ. ಅಲ್ಲಿಯ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲಿ ವಾರಕ್ಕೆ ಒಂದೆರಡು ದಿನದ ಬಿಡುವನ್ನೂ, ವರ್ಷದಲ್ಲಿ ಬಿಡಿಬಿಡಿಯಾಗಿ ಒಟ್ಟು ಮೂರು ತಿಂಗಳ ವಿರಾಮವನ್ನೂ ಸೂಚಿಸಿತು. ಉನ್ನತ ಸ್ಪರ್ಧೆಗೆ ಸಿದ್ಧಪಡಿಸುವ ಕೇಂದ್ರಗಳಲ್ಲಿ ಎಳೆಯರೂ ಇದಕ್ಕಿಂತ ಬಹಳ ಹೆಚ್ಚು ಗಂಟೆ ದುಡಿಯುತ್ತಾರೆಂಬುದನ್ನು ಮರೆಮಾಚಬಾರದು. ತಂದೆತಾಯಿಗಳ ಇಕ್ಕಟ್ಟು ಇರುವುದು ಅಲ್ಲಿಯೇ.

ಹೊಟ್ಟೆಯ ವಿಷಯವನ್ನೂ ಇಲ್ಲಿ ಹೇಳಬೇಕು. ತೂಕ ಹೆಚ್ಚೀತೆಂದು ಮಗುವಿನ ಊಟವನ್ನು ಕಡಿಮೆಮಾಡುವುದು ದೊಡ್ಡ ತಪ್ಪು. ವೆಚ್ಚವಾದಷ್ಟು ಶಕ್ತಿ ಆಹಾರದಿಂದ ಬಾರದಿದ್ದರೆ ಹುಡುಗಿಯರು ಮೈನೆರೆಯುವುದು ತಡವಾಗುತ್ತದೆ, ಎಲುಬು ಸಡಿಲಾಗುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿಯೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿದೆ.

ಇನ್ನು, "ಜಿಮ್ನಾಸ್ಟಿಕ್ಸ್ ಮಾಡಿದರೆ ಮಗು ಕುಳ್ಳಾಗುತ್ತದೆ" ಎಂಬ ಭಯ. 2013ರಲ್ಲಿ ತಜ್ಞರು ಇದುವರೆಗಿನ ಆಧಾರಗಳನ್ನೆಲ್ಲ ಪರಿಶೀಲಿಸಿ, ತರಬೇತಿಯಿಂದ ದೊಡ್ಡವರಾದ ಮೇಲಿನ ಎತ್ತರ ಕುಗ್ಗುವುದಿಲ್ಲವೆಂಬ ನಿರ್ಣಯಕ್ಕೆ ಬಂದರು. ಬ್ಯಾಸ್ಕೆಟ್‌ಬಾಲ್ ಆಡಿದ್ದರಿಂದ ಆಟಗಾರರು ಎತ್ತರವಾದರೆಂದು ನಾವು ಹೇಳುತ್ತೇವೆಯೆ? ಎತ್ತರದವರು ಅಲ್ಲಿ ಉಳಿದುಕೊಳ್ಳುತ್ತಾರೆ, ಗಿಡ್ಡವರು ಇಲ್ಲಿ ಉಳಿದುಕೊಳ್ಳುತ್ತಾರೆ, ಅಷ್ಟೆ.

ಹತ್ತು ದಾಟಿದರೆ ಹೊತ್ತು ಮೀರಿತೆ?

1976ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ರುಮೇನಿಯದ ನಾದಿಯಾ ಕೊಮನೆಚಿ ಪೂರ್ಣ ಹತ್ತು ಅಂಕ ಪಡೆದಾಗ ಅವಳಿಗೆ ಹದಿನಾಲ್ಕು ವರ್ಷ. ಅಂಕಫಲಕಕ್ಕೆ ಹತ್ತನ್ನು ತೋರಿಸಲು ಬಾರದೆ ಅದು 1.00 ಎಂದು ತೋರಿಸಿತು. ಆಮೇಲೆ ಎಲ್ಲ ದೇಶಗಳೂ ಎಳೆಯರ ಬೆನ್ನುಹತ್ತಿದವು. ಅಂತರರಾಷ್ಟ್ರೀಯ ಒಕ್ಕೂಟ ಕನಿಷ್ಠ ವಯಸ್ಸನ್ನು 1981ರಲ್ಲಿ 15ಕ್ಕೂ 1997ರಲ್ಲಿ 16ಕ್ಕೂ ಏರಿಸಬೇಕಾಯಿತು. 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ಚೀನದ ತಂಡದ ಒಬ್ಬ ಹುಡುಗಿಗೆ ಹದಿನಾಲ್ಕೇ ವರ್ಷವಾಗಿತ್ತೆಂದು ಆಮೇಲೆ ಗೊತ್ತಾಗಿ, 2010ರಲ್ಲಿ ಆ ತಂಡದ ಕಂಚಿನ ಪದಕವನ್ನು ಹಿಂದಕ್ಕೆ ಪಡೆಯಲಾಯಿತು.

ನಮ್ಮ ಚೌಕಟ್ಟಿನ ಲೆಕ್ಕಕ್ಕೂ ಒಂದು ಮಿತಿಯುಂಟು. ಬೆಳೆಯುವ ಮಗು ಅಚ್ಚಿನಂತೆ ಹಿಗ್ಗುವುದಿಲ್ಲ. ಮಾಂಸಖಂಡದ ಸತ್ತ್ವವೂ ಅಭ್ಯಾಸದ ಹದವೂ ಜತೆಗೂಡುತ್ತವೆ. ಅಮೆರಿಕದ ಸಿಮೋನ್ ಬೈಲ್ಸ್ 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಸಮಗ್ರ ಚಿನ್ನ ಗೆದ್ದಾಗ ಅವಳ ವಯಸ್ಸು 27. ಉಜ್ಬೇಕಿಸ್ತಾನದ ಒಕ್ಸಾನಾ ಚುಸೊವಿಟಿನಾ 2021ರಲ್ಲಿ ಟೋಕಿಯೋದಲ್ಲಿ ಸ್ಪರ್ಧಿಸಿದಾಗ ಆಕೆಗೆ 46.

ನಮ್ಮ ದೇಶದ ಉದಾಹರಣೆ ತ್ರಿಪುರದ ಅಗರ್ತಲಾದ ದೀಪಾ ಕರ್ಮಾಕರ್. ಆರನೆಯ ವಯಸ್ಸಿನಲ್ಲಿ ಕಲಿಯತೊಡಗಿದಾಗ ಅವರ ಅಂಗಾಲುಗಳು ಚಪ್ಪಟೆಯಾಗಿದ್ದವು. ಜಿಗಿಯುವವರಿಗೆ ಅದು ದೊಡ್ಡ ತೊಡಕು. ಗುರು ಬಿಶ್ವೇಶ್ವರ ನಂದಿಯವರು ವರ್ಷಗಟ್ಟಲೆ ವ್ಯಾಯಾಮ ಮಾಡಿಸಿ ಅದನ್ನು ತಿದ್ದಿದರು. 2016ರ ರಿಯೋ ಒಲಿಂಪಿಕ್ಸಿನ ವಾಲ್ಟ್ ಸ್ಪರ್ಧೆಯಲ್ಲಿ ದೀಪಾ 15.066 ಅಂಕ ಗಳಿಸಿ ನಾಲ್ಕನೆಯವರಾದರು. ಕಂಚು ತಪ್ಪಿದ್ದು 0.150 ಅಂಕದಿಂದ. ಮರುವರ್ಷ ಮೊಣಕಾಲಿನ ಶಸ್ತ್ರಚಿಕಿತ್ಸೆ. ಆದರೂ 2024ರಲ್ಲಿ, ಮೂವತ್ತನೆಯ ವಯಸ್ಸಿನಲ್ಲಿ, ಏಷ್ಯನ್ ಚಾಂಪಿಯನ್‌ಷಿಪ್ಪಿನಲ್ಲಿ ಚಿನ್ನ ಗೆದ್ದು, ಅದೇ ವರ್ಷ ನಿವೃತ್ತರಾದರು. ತಂದೆ ದುಲಾಲ್ ಕರ್ಮಾಕರ್ ಭಾರ ಎತ್ತುವ ಕ್ರೀಡೆಯ ತರಬೇತುದಾರರು. ಮಗು ಕಲಿತದ್ದು ಹುಟ್ಟಿದೂರಿನಲ್ಲಿಯೇ, ತಂದೆತಾಯಿಗಳ ಕಣ್ಣೆದುರಿನಲ್ಲಿಯೇ. ಇದನ್ನು ವಾಚಕರು ವಿಶೇಷವಾಗಿ ಗಮನಿಸಬೇಕು.

ಕಣ್ಣೆದುರಿನಲ್ಲಿರುವುದು ಏಕೆ ಮುಖ್ಯವೆಂಬುದಕ್ಕೆ ಕಹಿಯಾದ ಕಾರಣವೂ ಇದೆ. ಅಮೆರಿಕದ ರಾಷ್ಟ್ರೀಯ ತಂಡದ ವೈದ್ಯನೊಬ್ಬ ಚಿಕಿತ್ಸೆಯ ನೆಪದಲ್ಲಿ ಹುಡುಗಿಯರ ಮೇಲೆ ವರ್ಷಗಟ್ಟಲೆ ದೌರ್ಜನ್ಯವೆಸಗಿದ್ದು ಹೊರಬಿದ್ದು, 2018ರಲ್ಲಿ ಅವನಿಗೆ ದೀರ್ಘ ಸೆರೆವಾಸ ವಿಧಿಸಲಾಯಿತು. ನೂರೈವತ್ತಕ್ಕೂ ಹೆಚ್ಚು ಮಂದಿ ನ್ಯಾಯಾಲಯದಲ್ಲಿ ತಮ್ಮ ನೋವನ್ನು ಹೇಳಿಕೊಂಡರು. "ದೊಡ್ಡವರು ಹೇಳಿದಂತೆ ಕೇಳು" ಎಂದಷ್ಟೇ ಕಲಿಸಿದ ಮಗುವಿಗೆ ಬೇಡವೆನ್ನುವ ಧೈರ್ಯ ಬಾರದು. ನಮ್ಮ ದೇಶದಲ್ಲಿ ಮಕ್ಕಳ ರಕ್ಷಣೆಗೆ 2012ರ ಪೋಕ್ಸೊ ಕಾಯಿದೆ ಇದೆ. 1098 ಮಕ್ಕಳ ಸಹಾಯವಾಣಿ.

ಕುರುಗೋಡಿನಿಂದ ಬೆಂಗಳೂರಿಗೆ

ಕುರುಗೋಡಿನಿಂದ ಬಳ್ಳಾರಿಗೆ ಮೂವತ್ತು ಕಿಲೋಮೀಟರಿಗಿಂತ ಕಡಿಮೆ, ಸಿರುಗುಪ್ಪದಿಂದ ಐವತ್ತಕ್ಕೂ ಮಿಗಿಲು, ಬಳ್ಳಾರಿಯಿಂದ ಬೆಂಗಳೂರಿಗೆ ಸುಮಾರು ಮುನ್ನೂರು. ಜಿಲ್ಲೆಯ ತೋರಣಗಲ್ಲಿನ ಬಳಿ 2018ರಲ್ಲಿ ಆರಂಭವಾದ ದೊಡ್ಡ ಕ್ರೀಡಾ ಸಂಸ್ಥೆ ಹೆಸರುಮಾಡಿರುವುದು ಕುಸ್ತಿ, ಮುಷ್ಟಿಯುದ್ಧ, ಜೂಡೋ, ಅಥ್ಲೆಟಿಕ್ಸ್‌ಗಳಲ್ಲಿ. ಆದ್ದರಿಂದ ನಮ್ಮ ಸೀಮೆಯ ಮಗುವಿಗೆ ಈ ವಿದ್ಯೆ ಬೇಕೆಂದರೆ, ಅದು ಮನೆ ಬಿಟ್ಟು ಹೋಗುವ ಮಾತೇ ಮೊದಲು ಬರುತ್ತದೆ.

ಆ ದಂಪತಿಗಳಿಗೆ ಇಂದು ನಾವು ಹೇಳುವುದು ಇಷ್ಟು. ಎಂಟು ವರ್ಷಕ್ಕೆ ಮಗುವನ್ನು ಮನೆಯಿಂದ ಅಗಲಿಸುವ ಅವಸರ ಬೇಡ. ಓಟ, ಈಜು, ಯೋಗಾಸನ, ಕಲಿಸುವವರಿದ್ದರೆ ಮಲ್ಲಕಂಬ, ಇವು ಮೈಯನ್ನು ಹದಗೊಳಿಸುತ್ತವೆ. ಲಾಗವನ್ನು ಮಾತ್ರ ಹಾಸಿಗೆಯೂ ಬಲ್ಲ ಗುರುವೂ ಇಲ್ಲದೆ ಹಾಕಗೊಡಬಾರದು. ರಜೆಯಲ್ಲಿ ಕೆಲವು ವಾರ ಜತೆಗೆ ಹೋಗಿ ಆ ಕೇಂದ್ರವನ್ನು ನೋಡಿ ಬರಬಹುದು. ತಂದೆತಾಯಿಗಳು ಅಭ್ಯಾಸವನ್ನು ನೋಡಬಹುದೆ, ನೋವೆಂದಾಗ ವೈದ್ಯರಿಗೆ ತೋರಿಸುವರೆ, ಊಟಕ್ಕೆ ಕಟ್ಟು ಹಾಕುವರೆ, ಶಾಲೆಯ ಪಾಠದ ಗತಿಯೇನು ಎಂಬ ನಾಲ್ಕು ಪ್ರಶ್ನೆಗಳನ್ನು ನೇರವಾಗಿ ಕೇಳಬೇಕು. ಕೇಳಿದ್ದಕ್ಕೆ ಸಿಟ್ಟಾಗುವ ಕಡೆಗೆ ಮಗುವನ್ನು ಕಳುಹಿಸಬಾರದು.

ಅಂದು ಅವರು ಹೊರಡಲು ಎದ್ದಾಗ, ಅದುವರೆಗೆ ಸುಮ್ಮನಿದ್ದ ಆ ತಾಯಿ ನಮ್ಮನ್ನು ಒಂದೇ ಮಾತು ಕೇಳಿದರು: "ಸಾರ್, ಅವಳಿಗೆ ಬ್ಯಾಸರಾದ ದಿನ ಬಿಟ್ಟು ಮನಿಗೆ ಬರಬೋದೇನ್ರೀ?"

ಮಾಂಸಖಂಡದ ಬಲವನ್ನೂ ಜಡತ್ವ ಭ್ರಾಮಕವನ್ನೂ ನಾವು ಅಳೆಯಬಲ್ಲೆವು. ಆದರೆ ಯಾವ ಕೇಂದ್ರವನ್ನಾದರೂ ಮೊದಲು ಕೇಳಬೇಕಾದ ಪ್ರಶ್ನೆ ಆ ತಾಯಿ ಕೇಳಿದ್ದೇ. ಹಗ್ಗದ ಮೇಲಿನ ಮಗುವಿಗೆ ಇಳಿದುಬರುವ ಸ್ವಾತಂತ್ರ್ಯವಿರಲಿಲ್ಲ. ತೊಲೆಯ ಮೇಲಿನ ಮಗುವಿಗೆ ಅದು ಇರಬೇಕು.