ಮರದ ಗುಡಿಸಲು, ಶ್ವೇತಭವನ ಮತ್ತು ವರ್ಗದ ಲೆಕ್ಕಾಚಾರ

ಅಮೆರಿಕದಲ್ಲಿ ಹುಟ್ಟಿದ ಯಾವ ಮಗುವೂ ಮುಂದೊಂದು ದಿನ ದೇಶದ ಅಧ್ಯಕ್ಷನಾಗಬಹುದು ಎಂಬುದು ಅಲ್ಲಿ ತಲೆಮಾರುಗಳಿಂದ ಕೇಳಿಬರುತ್ತಿರುವ ಮಾತು. ಸಂವಿಧಾನದ ಅಕ್ಷರಗಳನ್ನು ನೋಡಿದರೆ ಅದರಲ್ಲಿ ಸುಳ್ಳಿಲ್ಲ. ಜನ್ಮತಃ ಪೌರತ್ವ, ಕನಿಷ್ಠ 35 ವರ್ಷ ವಯಸ್ಸು, ದೇಶದಲ್ಲಿ 14 ವರ್ಷಗಳ ವಾಸ, ಇಷ್ಟೇ ಅರ್ಹತೆಗಳು. ಆಸ್ತಿಪಾಸ್ತಿಯ ಪ್ರಸ್ತಾಪವೇ ಇಲ್ಲ. ಆದರೆ ಗಾದಿಯೇರಿದವರ ಪಟ್ಟಿ ಬೇರೆಯೇ ಕಥೆ ಹೇಳುತ್ತದೆ. ಇತಿಹಾಸಕಾರ ಎಡ್ವರ್ಡ್ ಪೆಸ್ಸೆನ್ ಅಧ್ಯಕ್ಷರ ಮನೆತನಗಳನ್ನು ಪರಿಶೀಲಿಸಿ 1984ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಬಹುತೇಕ ಅಧ್ಯಕ್ಷರು ಸ್ಥಿತಿವಂತ ಕುಟುಂಬಗಳಿಂದ ಬಂದವರೆಂಬುದು ಅವರ ನಿಲುವು. ಗ್ರಂಥದ ಹೆಸರಿನಲ್ಲೇ 'ಮರದ ಗುಡಿಸಲಿನ ಮಿಥ್ಯೆ' ಎಂಬ ಅರ್ಥವಿದೆ.

ವರ್ಗದ ಪ್ರಶ್ನೆ ಆರಂಭದಲ್ಲಿಯೇ ಎದುರಾಗಿತ್ತು. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸೇರಿದ್ದ ಸಂವಿಧಾನ ರಚನಾ ಸಭೆಯಲ್ಲಿ ವಯೋವೃದ್ಧ ಬೆಂಜಮಿನ್ ಫ್ರಾಂಕ್ಲಿನ್, ಕಾರ್ಯಾಂಗದ ಮುಖ್ಯಸ್ಥರಿಗೆ ಸಂಬಳವೇ ಬೇಡ, ಖರ್ಚುವೆಚ್ಚ ಕೊಟ್ಟರೆ ಸಾಕು ಎಂದು ಸೂಚಿಸಿದರು. ಹಣದಾಸೆ, ಅಧಿಕಾರದಾಸೆ ಎರಡೂ ಒಂದೇ ಹುದ್ದೆಯಲ್ಲಿ ಕೂಡಬಾರದೆಂಬುದು ಅವರ ಕಳಕಳಿ. ಸಭೆ ಗೌರವದಿಂದ ಆಲಿಸಿ ಸೂಚನೆಯನ್ನು ಬದಿಗಿಟ್ಟಿತು. ಅಂಗೀಕರಿಸಿದ್ದರೆ ಅಧ್ಯಕ್ಷ ಪದವಿ ಉಳ್ಳವರ ಸೊತ್ತಾಗಿಯೇ ಉಳಿಯುತ್ತಿತ್ತು. ವರ್ಷಕ್ಕೆ 25 ಸಾವಿರ ಡಾಲರ್ ಸಂಬಳ ನಿಗದಿಯಾದರೂ ಮೊದಲ ಆರು ಅಧ್ಯಕ್ಷರಲ್ಲಿ ನಾಲ್ವರು ಗುಲಾಮರನ್ನು ಇಟ್ಟುಕೊಂಡಿದ್ದ ವರ್ಜೀನಿಯದ ಭೂಮಾಲೀಕರು. ಉಳಿದಿಬ್ಬರು ಮ್ಯಾಸಚೂಸೆಟ್ಸ್‌ನ ಹಾರ್ವರ್ಡ್ ಪದವೀಧರ ತಂದೆ-ಮಗ.

ಈ ಸಾಲನ್ನು ಮುರಿದವರು 1828ರಲ್ಲಿ ಗೆದ್ದ ಆಂಡ್ರ್ಯೂ ಜಾಕ್ಸನ್. ಹುಟ್ಟುವ ಮೊದಲೇ ತಂದೆಯನ್ನು ಕಳೆದುಕೊಂಡ ಬಡ ವಲಸಿಗರ ಮಗ. ಗೆಲ್ಲುವ ಹೊತ್ತಿಗೆ ಅವರೂ ಟೆನೆಸ್ಸಿಯಲ್ಲಿ ಗುಲಾಮರ ದುಡಿಮೆಯ ತೋಟದ ಒಡೆಯರಾಗಿದ್ದರೆಂಬುದು ಬೇರೆ ಮಾತು. ಬಹುತೇಕ ರಾಜ್ಯಗಳಲ್ಲಿ ಆಸ್ತಿಯಿಲ್ಲದ ಬಿಳಿಯ ಪುರುಷರಿಗೂ ಮತದಾನದ ಹಕ್ಕು ದೊರೆತಿದ್ದ ಕಾಲವದು. ಬಡವರ ಮತ ಬೇಕೆಂದ ಮೇಲೆ ಬಡತನಕ್ಕೂ ಬೆಲೆ ಬಂತು.

ಸೈಡರ್ ಪೀಪಾಯಿಯ ಚುನಾವಣೆ

ಆ ಬೆಲೆ ಎಷ್ಟೆಂಬುದು ತಿಳಿದದ್ದು 1840ರಲ್ಲಿ. ವಿಗ್ ಪಕ್ಷದ ಅಭ್ಯರ್ಥಿ ವಿಲಿಯಂ ಹೆನ್ರಿ ಹ್ಯಾರಿಸನ್ ಅವರನ್ನು ಎದುರಾಳಿ ಪಕ್ಷದ ಪತ್ರಿಕೆಯೊಂದು ಗೇಲಿ ಮಾಡಿತು. ಈ ಮುದುಕನಿಗೆ ಒಂದು ಪೀಪಾಯಿ ಸೈಡರ್ ಮದ್ಯವನ್ನೂ ಸ್ವಲ್ಪ ಪಿಂಚಣಿಯನ್ನೂ ಕೊಟ್ಟರೆ ಮರದ ಗುಡಿಸಲಿನಲ್ಲಿ ನೆಮ್ಮದಿಯಾಗಿ ಕಾಲ ಕಳೆಯುತ್ತಾನೆ ಎಂಬುದು ಕುಹಕದ ಸಾರ. ವಿಗ್ ಪಕ್ಷದವರು ಆ ಬೈಗುಳವನ್ನೇ ಬಾವುಟ ಮಾಡಿಕೊಂಡರು. ಮರದ ಗುಡಿಸಲಿನ ಮಾದರಿಗಳನ್ನು ಗಾಡಿಗಳ ಮೇಲೇರಿಸಿ ಊರೂರು ಮೆರವಣಿಗೆ ಮಾಡಿದರು, ಸೈಡರ್ ಹಂಚಿದರು. ಅರ್ಹ ಮತದಾರರಲ್ಲಿ ಶೇ 80ರಷ್ಟು ಮಂದಿ ಮತ ಹಾಕಿದರು.

ವಾಸ್ತವವೇನು? ಹ್ಯಾರಿಸನ್ ಜನಿಸಿದ್ದು ವರ್ಜೀನಿಯದ ಬರ್ಕ್‌ಲಿ ಎಸ್ಟೇಟಿನ ಬಂಗಲೆಯಲ್ಲಿ. ತಂದೆ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಒಬ್ಬರು. ಆಗಿನ ಅಧ್ಯಕ್ಷ ಮಾರ್ಟಿನ್ ವ್ಯಾನ್ ಬ್ಯೂರನ್ ಹಳ್ಳಿಯ ಹೋಟೆಲು ನಡೆಸುತ್ತಿದ್ದವರ ಮಗ. ಆದರೆ ಪ್ರಚಾರದಲ್ಲಿ ಪಾತ್ರಗಳು ಅದಲುಬದಲಾದವು. ಹೋಟೆಲಿನವರ ಮಗ ಶ್ವೇತಭವನದಲ್ಲಿ ಭೋಗಜೀವನ ನಡೆಸುತ್ತಿದ್ದಾನೆಂದು ಚಾರ್ಲ್ಸ್ ಓಗಲ್ ಎಂಬ ಸಂಸದ ದೀರ್ಘ ಭಾಷಣವನ್ನೇ ಮಾಡಿದರು. 1837ರಿಂದ ದೇಶವನ್ನು ಕಾಡುತ್ತಿದ್ದ ಆರ್ಥಿಕ ಮುಗ್ಗಟ್ಟಿನಿಂದ ಬೇಸತ್ತಿದ್ದ ಜನರು ಬಂಗಲೆಯಲ್ಲಿ ಹುಟ್ಟಿದವರನ್ನು ಗುಡಿಸಲಿನವರೆಂದು ಗೆಲ್ಲಿಸಿದರು. ಅಧಿಕಾರ ವಹಿಸಿಕೊಂಡ ಒಂದೇ ತಿಂಗಳಿಗೆ ಹ್ಯಾರಿಸನ್ ನಿಧನರಾದರು.

ಅಬ್ರಹಾಂ ಲಿಂಕನ್ ನಿಜಕ್ಕೂ ಗುಡಿಸಲಿನಲ್ಲಿ ಹುಟ್ಟಿದವರು. ಆದರೆ 1860ರಲ್ಲಿ ಪಕ್ಷದ ಕಾರ್ಯಕರ್ತರು ಅವರನ್ನು ಮರ ಸೀಳುವ ಕೂಲಿಕಾರನೆಂದು ಪರಿಚಯಿಸಿದಾಗ ಅವರು ರೈಲ್ವೆ ಕಂಪೆನಿಯ ಮೊಕದ್ದಮೆಗಳನ್ನೂ ನಡೆಸಿದ್ದ ಯಶಸ್ವಿ ವಕೀಲರು.

ಹುಟ್ಟಿಗೂ ಆಡಳಿತಕ್ಕೂ ನಂಟುಂಟೇ?

ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆಯನ್ನು ಅಮೆರಿಕದ ಅಧ್ಯಕ್ಷರ ವಿಷಯದಲ್ಲಿ ನಂಬಿದವರು ಹಲವು ಬಾರಿ ಮೋಸ ಹೋಗಿದ್ದಾರೆ. ಲಿಂಕನ್ ನಂತರ ಬಂದ ಆಂಡ್ರ್ಯೂ ಜಾನ್ಸನ್ ಶಾಲೆಯ ಮೆಟ್ಟಿಲು ಹತ್ತದ ದರ್ಜಿ. ಸಿರಿವಂತ ತೋಟದೊಡೆಯರನ್ನು ಜೀವನವಿಡೀ ದ್ವೇಷಿಸಿದವರು. ಆದರೆ ಅದೇ ತಾನೇ ಬಂಧಮುಕ್ತರಾಗಿದ್ದ ಗುಲಾಮರಿಗೆ ಪೌರಹಕ್ಕು ನೀಡುವ ಮಸೂದೆ 1866ರಲ್ಲಿ ಮುಂದೆ ಬಂದಾಗ ಅದನ್ನು ತಿರಸ್ಕರಿಸಿದರು. ಬಡತನದ ಅನುಭವ ವರ್ಣದ ಗಡಿ ದಾಟಲಿಲ್ಲ. ಸಂಸತ್ತು ಅವರ ತಿರಸ್ಕಾರವನ್ನು ಬದಿಗೊತ್ತಿ ಕಾನೂನು ಮಾಡಬೇಕಾಯಿತು.

ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ನಿಲ್ಲುವವರು ಫ್ರಾಂಕ್ಲಿನ್ ರೂಸ್‌ವೆಲ್ಟ್. ಹಡ್ಸನ್ ನದಿ ದಂಡೆಯ ಎಸ್ಟೇಟು, ಗ್ರಾಟನ್ ವಸತಿ ಶಾಲೆ, ಹಾರ್ವರ್ಡ್. ಅವರು ಬೆಳೆದ ಹಾದಿಯಲ್ಲಿ ಕೊರತೆಯೆಂಬುದೇ ಇರಲಿಲ್ಲ. ಅವರ ಅಧಿಕಾರಾವಧಿಯಲ್ಲೇ 1935ರಲ್ಲಿ ವೃದ್ಧಾಪ್ಯ ಪಿಂಚಣಿಯ ಸಾಮಾಜಿಕ ಭದ್ರತಾ ಕಾಯ್ದೆಯೂ ಕಾರ್ಮಿಕ ಸಂಘಗಳ ಹಕ್ಕಿನ ಕಾಯ್ದೆಯೂ ಬಂದವು. 1938ರಲ್ಲಿ ಕನಿಷ್ಠ ವೇತನ ನಿಗದಿಯಾಯಿತು. ಆದಾಯ ತೆರಿಗೆಯ ಗರಿಷ್ಠ ದರ ಶೇ 79ಕ್ಕೆ ಏರಿತು. ಸಿರಿವಂತರ ವಲಯ ಅವರನ್ನು ಸ್ವವರ್ಗದ ದ್ರೋಹಿಯೆಂದು ಕರೆಯಿತು. 1936ರ ಪ್ರಚಾರ ಭಾಷಣದಲ್ಲಿ ರೂಸ್‌ವೆಲ್ಟ್ ಆ ದ್ವೇಷವನ್ನು ಸ್ವಾಗತಿಸುವುದಾಗಿ ಸಾರಿದರು. ಇಷ್ಟಾದರೂ ಪಿಂಚಣಿ ಕಾಯ್ದೆ ಮೊದಲಿಗೆ ಕೃಷಿ ಕೂಲಿಗಳನ್ನೂ ಮನೆಗೆಲಸದವರನ್ನೂ ಹೊರಗಿಟ್ಟಿತ್ತೆಂಬುದನ್ನು ಮರೆಯುವಂತಿಲ್ಲ. ಹೀಗೆ ಹೊರಗುಳಿದವರಲ್ಲಿ ದಕ್ಷಿಣದ ಕಪ್ಪುಜನರ ಪಾಲು ದೊಡ್ಡದು.

ರೊನಾಲ್ಡ್ ರೇಗನ್ ಪಾದರಕ್ಷೆ ಮಾರಾಟಗಾರರ ಮಗ. ಮಹಾ ಆರ್ಥಿಕ ಕುಸಿತದ ದಿನಗಳಲ್ಲಿ ಅವರ ತಂದೆಗೆ ಕೆಲಸ ಸಿಕ್ಕಿದ್ದೇ ರೂಸ್‌ವೆಲ್ಟ್ ಸರ್ಕಾರದ ಪರಿಹಾರ ಯೋಜನೆಯಲ್ಲಿ. ರೇಗನ್ ನಾಲ್ಕು ಬಾರಿಯೂ ರೂಸ್‌ವೆಲ್ಟ್‌ಗೆ ಮತ ಹಾಕಿದವರು, ಚಿತ್ರನಟರ ಕಾರ್ಮಿಕ ಸಂಘದ ಅಧ್ಯಕ್ಷರಾಗಿದ್ದವರು. ಅವರೇ 1981ರಲ್ಲಿ ಮುಷ್ಕರ ಹೂಡಿದ 11 ಸಾವಿರಕ್ಕೂ ಹೆಚ್ಚು ವಿಮಾನ ಸಂಚಾರ ನಿಯಂತ್ರಕರನ್ನು ವಜಾಗೊಳಿಸಿದರು. ಹಿಂದಿನ ವರ್ಷದ ಚುನಾವಣೆಯಲ್ಲಿ ಆ ಸಂಘ ಬೆಂಬಲಿಸಿದ್ದು ರೇಗನ್ ಅವರನ್ನೇ! ಶೇ 70ರಷ್ಟಿದ್ದ ಗರಿಷ್ಠ ತೆರಿಗೆ ದರವನ್ನು ಮೊದಲು ಶೇ 50ಕ್ಕೆ, 1986ರ ಕಾಯ್ದೆಯ ಮೂಲಕ ಶೇ 28ಕ್ಕೆ ಇಳಿಸಲಾಯಿತು.

ಹಾಗಾದರೆ ಅಧ್ಯಕ್ಷ ಎಲ್ಲಿ ಹುಟ್ಟಿದನೆಂಬುದಕ್ಕಿಂತ ಅವನನ್ನು ಗೆಲ್ಲಿಸಿದ ಕೂಟ ಯಾವುದು, ಆ ಕಾಲದ ಬಿಕ್ಕಟ್ಟು ಯಾವುದು ಎಂಬುದೇ ಹೆಚ್ಚು ನಿರ್ಣಾಯಕ. ರೂಸ್‌ವೆಲ್ಟ್ ಹಿಂದೆ ನಿರುದ್ಯೋಗಿಗಳೂ ಕಾರ್ಮಿಕ ಸಂಘಗಳೂ ಇದ್ದವು. ರೇಗನ್ ಹಿಂದೆ ತೆರಿಗೆ ಭಾರ, ಹಣದುಬ್ಬರಗಳಿಂದ ರೋಸಿದ ಮಧ್ಯಮವರ್ಗವೂ ಉದ್ಯಮಪತಿಗಳೂ.

ಕಾಲೇಜು ಪದವಿಯಿಲ್ಲದೆ ಅಧ್ಯಕ್ಷರಾದವರಲ್ಲಿ ಕೊನೆಯವರು ಹ್ಯಾರಿ ಟ್ರೂಮನ್. 1953ರಲ್ಲಿ ಅವರು ನಿರ್ಗಮಿಸಿದ ಮೇಲೆ ಆ ಬಾಗಿಲು ಮುಚ್ಚಿದಂತಾಗಿದೆ. 1988ರಿಂದ 2016ರವರೆಗೆ ಗೆದ್ದ ಐವರೂ ಯೇಲ್, ಹಾರ್ವರ್ಡ್, ಕೊಲಂಬಿಯಾ, ಪೆನ್ಸಿಲ್ವೇನಿಯಾಗಳಂಥ ಪ್ರತಿಷ್ಠಿತ ವಿಶ್ವವಿದ್ಯಾಲಯಗಳ ಪದವೀಧರರು. ಕ್ಲಿಂಟನ್, ಒಬಾಮ ಸಿರಿವಂತರ ಮನೆಯವರಲ್ಲ. ಆದರೆ ಆ ಮಹಾದ್ವಾರವನ್ನು ಹಾದೇ ಬರಬೇಕಾಯಿತು. 2020ರಲ್ಲಿ ಗೆದ್ದ ಜೋ ಬೈಡನ್ ಮಾತ್ರ ಈ ಸಾಲಿಗೆ ಹೊರತು.

ಹಣದ ಮಾತು ಇನ್ನೂ ಕಠೋರ. ವಾಟರ್‌ಗೇಟ್ ಹಗರಣದ ನಂತರ ಅಭ್ಯರ್ಥಿಗಳ ಪ್ರಚಾರಕ್ಕೆ ಸರ್ಕಾರಿ ನಿಧಿಯ ವ್ಯವಸ್ಥೆ ಬಂದಿತ್ತು. 2008ರಲ್ಲಿ ಒಬಾಮ ಅದನ್ನು ನಿರಾಕರಿಸಿದರು. 2012ರಿಂದ ಪ್ರಮುಖ ಪಕ್ಷಗಳ ಯಾವ ಅಭ್ಯರ್ಥಿಯೂ ಅದನ್ನು ಮುಟ್ಟಿಲ್ಲ. ಕಂಪೆನಿಗಳೂ ಸಂಘಗಳೂ ಸ್ವತಂತ್ರ ಪ್ರಚಾರಕ್ಕೆ ಮಿತಿಯಿಲ್ಲದೆ ವ್ಯಯಿಸಬಹುದೆಂದು 2010ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. 2024ರಲ್ಲಿ ಉದ್ಯಮಿ ಎಲಾನ್ ಮಸ್ಕ್ ಒಬ್ಬರೇ ಟ್ರಂಪ್ ಪರ 25 ಕೋಟಿ ಡಾಲರ್‌ಗೂ ಮಿಗಿಲಾಗಿ ಸುರಿದರು. ಹಣವಿದ್ದ ಮಾತ್ರಕ್ಕೆ ಗಾದಿ ಸಿಗದೆಂಬುದೂ ನಿಜ. 2020ರಲ್ಲಿ 100 ಕೋಟಿ ಡಾಲರ್ ಚೆಲ್ಲಿದ ಮೈಕೆಲ್ ಬ್ಲೂಮ್‌ಬರ್ಗ್ ಪಕ್ಷದೊಳಗಿನ ಸ್ಪರ್ಧೆಯಲ್ಲಿ ಅಮೆರಿಕನ್ ಸಮೋವಾ ಎಂಬ ಪುಟ್ಟ ದ್ವೀಪ ಪ್ರಾಂತ್ಯದ ಹೊರತು ಬೇರೆಲ್ಲೂ ಗೆಲ್ಲಲಿಲ್ಲ.

ಈ ನಡುವೆ ಮತದಾರರ ನೆಲೆಯೇ ಸರಿದಿದೆ. ಕಾರ್ಖಾನೆಗಳು ಮುಚ್ಚಿದ ಮಿಷಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾ ರಾಜ್ಯಗಳು 2016ರಲ್ಲಿ ನ್ಯೂಯಾರ್ಕ್‌ನ ಕಟ್ಟಡೋದ್ಯಮಿಯ ಮಗ ಡೊನಾಲ್ಡ್ ಟ್ರಂಪ್ ಪಾಲಾದವು, 2020ರಲ್ಲಿ ಬೈಡನ್‌ಗೆ ಒಲಿದವು. 2023ರ ಸೆಪ್ಟೆಂಬರ್‌ನಲ್ಲಿ ಬೈಡನ್ ಮಿಷಿಗನ್‌ಗೆ ತೆರಳಿ ಮುಷ್ಕರನಿರತ ಕಾರು ಕಾರ್ಮಿಕರ ಸಾಲಿನಲ್ಲಿ ನಿಂತರು. ಅಧಿಕಾರದಲ್ಲಿರುವ ಅಧ್ಯಕ್ಷರೊಬ್ಬರು ಹಾಗೆ ನಿಂತದ್ದು ಅದೇ ಮೊದಲು. ಮರುವರ್ಷ ಲಾರಿ ಚಾಲಕರ ಪ್ರಬಲ ಸಂಘವಾದ ಟೀಮ್‌ಸ್ಟರ್ಸ್ ಯಾವ ಅಭ್ಯರ್ಥಿಯನ್ನೂ ಬೆಂಬಲಿಸದೆ ತಟಸ್ಥವಾಯಿತು. ಮೂರೂ ರಾಜ್ಯಗಳು ಮತ್ತೆ ಟ್ರಂಪ್ ಕಡೆ ವಾಲಿದವು. ಪದವಿಯಿಲ್ಲದ ಮತದಾರರಲ್ಲಿ ಟ್ರಂಪ್, ಪದವೀಧರರಲ್ಲಿ ಕಮಲಾ ಹ್ಯಾರಿಸ್ ಮುಂದಿದ್ದುದನ್ನು ಮತಗಟ್ಟೆ ಸಮೀಕ್ಷೆಗಳು ತೋರಿಸಿದವು. 2025ರ ಜುಲೈ 4ರಂದು ಟ್ರಂಪ್ ಸಹಿ ಹಾಕಿದ ಕಾಯ್ದೆಯಲ್ಲಿ ಹೋಟೆಲ್ ಮಾಣಿಗಳ ಟಿಪ್ಸ್ ಹಣಕ್ಕೆ ತೆರಿಗೆ ರಿಯಾಯಿತಿ ಇದೆ. ಅದೇ ಕಾಯ್ದೆ ಬಡವರ ವೈದ್ಯಕೀಯ ನೆರವಿಗೆ ಕತ್ತರಿ ಹಾಕಿ, ಸಿರಿವಂತರಿಗೂ ಲಾಭ ತರುವ 2017ರ ತೆರಿಗೆ ಕಡಿತಗಳನ್ನು ಮುಂದುವರಿಸಿದೆ.