ಮತ ತಪ್ಪಿಸುವ ಸುಳ್ಳಿಗೆ ಏನು ಶಿಕ್ಷೆ?

‘ವೋಟರ್ ಕಾರ್ಡ್ ಇಲ್ವಾ? ಹಾಗಾದ್ರೆ ನೀವು ವೋಟ್ ಹಾಕೋ ಹಾಗಿಲ್ಲ.’ ಇದು ಸುಳ್ಳು. ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಆಧಾರ್, ಪಾಸ್‌ಪೋರ್ಟ್‌ನಂಥ ದಾಖಲೆ ತೋರಿಸಿಯೂ ಮತ ಹಾಕಬಹುದು. ಆದರೆ ಈ ಮಾತು ನಂಬಿ ಮನೆಗೆ ಮರಳಿದವರ ಮತ ಆ ಚುನಾವಣೆಗೆ ಹೋದಂತೆಯೇ.

ಮತದಾರರ ದಾರಿ ತಪ್ಪಿಸುವುದಕ್ಕೆಂದೇ ನಮ್ಮಲ್ಲಿ ಪ್ರತ್ಯೇಕ ಅಪರಾಧವಿಲ್ಲ. ಚುನಾವಣಾ ಹಕ್ಕನ್ನು ಮುಕ್ತವಾಗಿ ಚಲಾಯಿಸಲು ಬೇಕೆಂದೇ ಅಡ್ಡಿಪಡಿಸುವುದು ‘ಅನುಚಿತ ಪ್ರಭಾವ’; ಉದ್ದೇಶಪೂರ್ವಕ ಸುಳ್ಳನ್ನು ಇದರಡಿ ತರಬಹುದು. ಮೊದಲು ಐಪಿಸಿ 171ಸಿ ಆಗಿದ್ದದ್ದು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 171ನೇ ಸೆಕ್ಷನ್. ದೇವರ ಕೋಪಕ್ಕೆ ಗುರಿಯಾಗುತ್ತೀರಿ ಎಂದು ಹೆದರಿಸುವುದೂ ಇದರಲ್ಲಿ ಸೇರಿದೆ.

ಹೈದರಾಬಾದಿನಲ್ಲಿ ಈ ಸೆಕ್ಷನ್ ಸುದ್ದಿಯಾದದ್ದು 2024ರ ಮೇ 13ರಂದು. ಲೋಕಸಭಾ ಮತದಾನದ ದಿನ ಬಿಜೆಪಿ ಅಭ್ಯರ್ಥಿ ಮಾಧವಿ ಲತಾ ಮತಗಟ್ಟೆಯಲ್ಲಿ ಬುರ್ಖಾ ಧರಿಸಿದ್ದ ಮಹಿಳೆಯರ ಮುಖ, ಗುರುತಿನ ಚೀಟಿ ಪರಿಶೀಲಿಸುತ್ತಿದ್ದ ವಿಡಿಯೊ ಹರಿದಾಡಿತು. ಮಲಕ್‌ಪೇಟೆ ಠಾಣೆಯಲ್ಲಿ 171ಸಿ ಸೇರಿದಂತೆ ಹಲವು ಸೆಕ್ಷನ್‌ಗಳಡಿ ಪ್ರಕರಣ ದಾಖಲಾಯಿತು. ಅಭ್ಯರ್ಥಿಯಾಗಿ ತನಗೆ ಆ ಹಕ್ಕಿದೆ ಎಂಬುದು ಅವರ ವಾದ.

ನಿಯಮ ಹೇಳುವುದು ಬೇರೆ. ಗುರುತು ನೋಡುವುದು ಮತಗಟ್ಟೆ ಸಿಬ್ಬಂದಿಯ ಕೆಲಸ. ಅಭ್ಯರ್ಥಿಗೋ ಏಜೆಂಟಿಗೋ ಅನುಮಾನ ಬಂದರೆ 2 ರೂಪಾಯಿ ಠೇವಣಿ ಕಟ್ಟಿ ಮತಗಟ್ಟೆಯ ಅಧ್ಯಕ್ಷಾಧಿಕಾರಿಗೆ ಆಕ್ಷೇಪ ಸಲ್ಲಿಸಬೇಕು. ವಿಚಾರಿಸಿ ತೀರ್ಮಾನಿಸುವವರು ಅವರೇ. ಮತದಾರರನ್ನು ನೇರವಾಗಿ ತಡೆದು ಪ್ರಶ್ನಿಸುವ ಅಧಿಕಾರ ಬೇರೆ ಯಾರಿಗೂ ಇಲ್ಲ, ಅಂಥವರಿಗೆ ನೀವು ಉತ್ತರಿಸಬೇಕಾಗಿಯೂ ಇಲ್ಲ.

ಅನುಚಿತ ಪ್ರಭಾವಕ್ಕೆ ಶಿಕ್ಷೆ? ನ್ಯಾಯ ಸಂಹಿತೆಯ 174ನೇ ಸೆಕ್ಷನ್ ಪ್ರಕಾರ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಅಥವಾ ಎರಡೂ. ಇದು ಕಡಿಮೆಯೇ ಎಂದು ನನಗನ್ನಿಸುತ್ತದೆ. ಆದರೆ ನಿಜವಾದ ಪೆಟ್ಟು ಇರುವುದು 1951ರ ಜನಪ್ರತಿನಿಧಿ ಕಾಯ್ದೆಯಲ್ಲಿ. ಅಪರಾಧ ಸಾಬೀತಾಗಿ ಬರೀ ದಂಡ ಬಿದ್ದರೂ 6 ವರ್ಷ ಚುನಾವಣೆಗೆ ನಿಲ್ಲುವಂತಿಲ್ಲ. ಅಷ್ಟೇ ಅಲ್ಲ, 11ಎ ಸೆಕ್ಷನ್ ಪ್ರಕಾರ 6 ವರ್ಷ ಮತ ಹಾಕುವಂತೆಯೂ ಇಲ್ಲ. ರಾಜಕಾರಣಿಗೂ ಬೀದಿಯ ಕಾರ್ಯಕರ್ತನಿಗೂ ಒಂದೇ ನಿಯಮ. ಇದನ್ನು ಪಕ್ಷಗಳು ತಮ್ಮ ಬೂತ್ ಏಜೆಂಟರಿಗೆ ಮೊದಲೇ ಓದಿ ಹೇಳಬೇಕು.

ಒಂದು ತೊಡಕಿದೆ. 174 ಅಸಂಜ್ಞೇಯ ಅಪರಾಧ. ಇದೊಂದೇ ಸೆಕ್ಷನ್ ಇದ್ದರೆ ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ಪೊಲೀಸರು ತನಿಖೆ ನಡೆಸುವಂತಿಲ್ಲ. ಆದ್ದರಿಂದ ಠಾಣೆಯನ್ನಷ್ಟೇ ನೆಚ್ಚಬೇಡಿ. ಯಾರು, ಎಷ್ಟು ಹೊತ್ತಿಗೆ, ಏನೆಂದರು ಎಂದು ಬರೆದಿಟ್ಟುಕೊಂಡು ಅಧ್ಯಕ್ಷಾಧಿಕಾರಿಗೆ ತಿಳಿಸಿ. ಮತಗಟ್ಟೆಯ ಹೊರಗೆ ನಡೆದಿದ್ದರೆ ಫೋಟೊ ಅಥವಾ ವಿಡಿಯೊ ಸಮೇತ ಚುನಾವಣಾ ಆಯೋಗದ ಸಿ-ವಿಜಿಲ್‌ನಲ್ಲಿ ದೂರು ಕೊಡಿ, ಇಲ್ಲವೇ ಮತದಾರರ ಸಹಾಯವಾಣಿ 1950ಕ್ಕೆ ಕರೆ ಮಾಡಿ. ಮತದಾನ ಮುಗಿಯುವುದರೊಳಗೆ ಮತ್ತೆ ಸರದಿಗೆ ನಿಂತು ಮತ ಹಾಕಿ ಬನ್ನಿ.